ಮಳೆ ಶುರುವಾದಾಗ 'ಕಾಲ್ ಆಫ್ ದ ವ್ಯಾಲಿ' ನಿಮಗೂ ಬೇರೆ ಥರ ಕೇಳಿಸುತ್ತದಾ?

ಮೊದಲಮಳೆ:
ಪ್ರತಿ ವರ್ಷ ಬೇಸಿಗೆ ಮುಗಿದು ಮೋಡ ಕಟ್ಟಿತೆಂದರೆ ನಾನು ಹುಡುಕಿ ಹಾಕಿಕೊಳ್ಳುವ ಆಲ್ಬಮ್ ಇದೊಂದೇ. 1967ರದ್ದು, ಹಿಂದೂಸ್ತಾನಿ ವಾದ್ಯಸಂಗೀತದ್ದು. ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನ, ಬೆಳಗಿನ ರಾಗ ಆಹಿರ್ ಭೈರವ್‌ನಿಂದ ಹಿಡಿದು ಕೊನೆಯ ಪಹಾಡಿಯ ತನಕ. ಬೇಸಿಗೆಯಲ್ಲಿ ನನಗೆ ಆ ಬೆಳಗಿನ ಭಾಗವೇ ಸಾಕು, ಮಳೆ ಬಂದರೆ ಮಾತ್ರ ನೇರ ದೇಸ್‌ಗೆ ಹೋಗುತ್ತೇನೆ. ಎಷ್ಟೋ ವರ್ಷದಿಂದ ಕೇಳುತ್ತಿದ್ದರೂ ಗಿಟಾರ್ ನನ್ನ ಕಿವಿಗೆ ಸರಿಯಾಗಿ ಬಿದ್ದದ್ದು ಈ ಸಲವೇ! ದೇಸ್ ಮಳೆಯ ರಾಗ ಅಂತ ಎಲ್ಲರೂ ಹೇಳುವುದರಿಂದ ನಮಗೆ ಹಾಗನ್ನಿಸುತ್ತದೋ, ಇಲ್ಲಾ ಆ ರಾಗದಲ್ಲೇ ಏನಾದರೂ ಇದೆಯೋ?

ನಿಷಾದ:
ರಾಗದಲ್ಲೂ ಇದೆ. ದೇಸ್ ಹತ್ತುವಾಗ ಶುದ್ಧ ನಿಷಾದ, ಅಂದರೆ ಮೇಲಿನ 'ನಿ' ಸ್ವರ, ಇಳಿಯುವಾಗ ಕೋಮಲ, ಅಂದರೆ ಸ್ವಲ್ಪ ತಗ್ಗಿದ 'ನಿ'. ಆ ಇಳಿಯುವ ಜಾಗ ಬಂದಾಗ ಮನಸ್ಸು ಒಂಥರಾ ಒದ್ದೆಯಾಗುತ್ತದೆ. ಗಿಟಾರ್ ಈಗ ಕೇಳಿಸಿದ್ದೂ ಸುಮ್ನೆ ಅಲ್ಲ. ಸಂತೂರ್ ಕಡ್ಡಿಯಿಂದ ಬಾರಿಸುವ ವಾದ್ಯ, ಸ್ವರದಿಂದ ಸ್ವರಕ್ಕೆ ಜಾರುವುದು ಅದಕ್ಕೆ ತುಂಬಾ ಕಷ್ಟ. ಕಾಬ್ರಾ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಂತಿಯ ಮೇಲೆ ಸರಳು ಜಾರಿಸುತ್ತಾರೆ, ಹಾಗಾಗಿ ಮೀಂಡ್, ಅಂದರೆ ಆ ಜಾರುವಿಕೆ, ಎಲ್ಲಾ ಅವರ ಕೈಯಲ್ಲೇ ಬರುತ್ತದೆ. ಒಂದು ಸಲ ಅವರನ್ನೇ ಹಿಂಬಾಲಿಸಿಕೊಂಡು ಕೇಳಿ ನೋಡಿ.

ಎರಡನೇಕಾಲ:
ಮಳೆ ಆ ರಾಗದಲ್ಲೇ ಇದೆ ಅಂತ ನನಗನ್ನಿಸುವುದಿಲ್ಲ. ರೇಡಿಯೊದಲ್ಲಿ ಕೇಳಿ ಬೆಳೆದ 'ವಂದೇ ಮಾತರಂ' ಧಾಟಿಯೂ ದೇಸ್ ರಾಗದ್ದೇ, ಅದನ್ನು ಕೇಳಿ ಯಾರಿಗೆ ಮಳೆ ನೆನಪಾಗುತ್ತದೆ ಹೇಳಿ? ಮಳೆಯ ಜೊತೆ ಕೇಳಿ ಕೇಳಿ ಆ ನಂಟು ಬೆಳೆದಿದೆ, ಅದರಲ್ಲಿ ತಪ್ಪೇನೂ ಇಲ್ಲ. ನಾನು ಕರ್ನಾಟಕ ಸಂಗೀತದ ಕಡೆಯಿಂದ ಬಂದವಳು. ಮೊದಲು ಕೇಳಿದಾಗ ಆಹಿರ್ ಭೈರವ್ ಚಕ್ರವಾಕದ ಹಾಗೆ, ಭೂಪ್ ನಮ್ಮ ಮೋಹನದ ಹಾಗೆ ಅನ್ನಿಸಿ ಒಳಗೆ ಹೋಗುವುದು ಸುಲಭವಾಯಿತು. ಆದರೆ ದೇಸ್ ಒಂದನ್ನೇ ಕಿತ್ತು ಕೇಳಬೇಡಿ. ಸಂಜೆಯ ಭೂಪ್ ತಣ್ಣಗೆ ಮುಗಿದ ಮೇಲೆ ಅದು ಬಂದರೇನೇ ಅದರ ತೂಕ ಗೊತ್ತಾಗುವುದು.

ತಂತಿನಾದ:
ನಾನು ಸಂತೂರ್ ಕಲಿಯುತ್ತಿದ್ದೇನೆ. ಮಳೆಗಾಲ ಬಂದರೆ ಮರ ತೇವ ಹೀರಿಕೊಂಡು ಶ್ರುತಿ ನಿಲ್ಲುವುದೇ ಇಲ್ಲ, ಸುಮಾರು 100 ತಂತಿ, ಅರ್ಧ ಹೊತ್ತು ಶ್ರುತಿ ಮಾಡುವುದರಲ್ಲೇ ಕಳೆದುಹೋಗುತ್ತದೆ. ಆಮೇಲೆ ಈ ಆಲ್ಬಮ್ ಹಾಕಿದರೆ ಒಂದೊಂದು ಸ್ವರವೂ ಅಷ್ಟು ಶುದ್ಧವಾಗಿ ನಿಂತಿರುವುದನ್ನು ಕೇಳಿ ಕಣ್ಣು ತುಂಬುತ್ತದೆ. ಕಾಶ್ಮೀರದ ಸೂಫಿಯಾನಾ ಸಂಗೀತದಲ್ಲಿದ್ದ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು, ಹೆಚ್ಚಿನ ಕಂಪನ ಅಡಗಿಸಿ, ರಾಗ ನುಡಿಸುವ ಹಾಗೆ ಮಾಡಿದವರು ಶಿವಕುಮಾರ್ ಶರ್ಮಾ. 2022ರ ಮೇ 10ರಂದು ತೀರಿಕೊಂಡರು. ಆ ವರ್ಷದ ಮಳೆಗೆ ನನಗೆ ಇದನ್ನು ಹಾಕಲು ಮನಸ್ಸೇ ಬರಲಿಲ್ಲ. ಚಳಿ ಶುರುವಾದ ಮೇಲೆ ಒಂದು ಬೆಳಗ್ಗೆ ಆಹಿರ್ ಭೈರವ್ ಹಾಕಿದೆ, ಅಂದಿನಿಂದ ನನಗೆ ಇದು ಚಳಿಗಾಲದ ಆಲ್ಬಮ್.

ಮೊದಲಮಳೆ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮೊದಲಿಂದ ಕೊನೆಯವರೆಗೆ ಕ್ರಮವಾಗಿ ಕೇಳಿದೆ. ಭೂಪ್ ಆದ ಮೇಲೆ ದೇಸ್ ಬಂತು, ಗಿಟಾರಿನಲ್ಲಿ ಆ ಕೋಮಲ ನಿಷಾದ ಸಿಕ್ಕಿತು. ಹೊರಗೆ ಮಳೆ ಇರಲಿಲ್ಲ.