ಶಿಕಾಗೋದಲ್ಲಿ ಲಿಥುವೇನಿಯಾದ ಬ್ರೆಡ್ಡು, ಊಟ ಎಲ್ಲಿ ಸಿಗುತ್ತೆ? ಅನುಭವ ಇದ್ದವರು ಹೇಳಿ

ಪ್ರಶ್ನೆ (ನೇಪರ್‌ವಿಲ್): ಮಗನಿಗೆ ಲಿಥುವೇನಿಯಾ ಮೂಲದ ಹುಡುಗಿ ಜೊತೆ ಮದುವೆ ಗೊತ್ತಾಗಿದೆ. ಬೀಗರು ಶಿಕಾಗೋದ ಲಿಥುವೇನಿಯನ್ನರ ಹಳೇ ಬಡಾವಣೆ ಮಾರ್ಕೆಟ್ (Marquette) ಪಾರ್ಕ್‌ನಲ್ಲಿ ಹುಟ್ಟಿ ಬೆಳೆದವರು, ಮುಂದಿನ ತಿಂಗಳು ಮನೆಗೆ ಬರ್ತಾರೆ. ಅವರ ಕಪ್ಪು ಬ್ರೆಡ್ಡು, ಕೇಕು ತಂದಿಡೋಣ ಅಂತ ಆಸೆ. ಒಟ್ಟಿಗೆ ಕೂತು ಊಟ ಮಾಡೋಕೆ ಹೋಟೆಲೂ ಬೇಕು. ನಾವು ಮೊಟ್ಟೆ ತಿಂತೀವಿ, ಮಾಂಸ ಇಲ್ಲ.

ಡೇರಿಯನ್‌ನಿಂದ: ಮಾರ್ಕೆಟ್ ಪಾರ್ಕ್‌ಗೆ ಮಾತ್ರ ಹುಡುಕ್ಕೊಂಡು ಹೋಗ್ಬೇಡಿ. ನನ್ನ ಮಗಳನ್ನ ಕೊಟ್ಟಿರೋದೂ ಲಿಥುವೇನಿಯಾದವರ ಮನೆಗೇ. ಯಾರದೋ ಮಾತು ಕೇಳಿ 69ನೇ ಬೀದಿಗೆ ಹೋದೆ. ಲಿಥುವೇನಿಯನ್ ಪ್ಲಾಜಾ ಕೋರ್ಟ್ ಅಂತ ಬೋರ್ಡು ಇದೆ, ನಾನು ಹುಡುಕಿದ ಬೇಕರಿ ಮುಚ್ಚಿ ಕಾಲವಾಗಿತ್ತು. ಅರ್ಧ ದಿನ ರಜೆ, ಟೋಲು, ಪೆಟ್ರೋಲು, ಮೇಲೆ ಪಾರ್ಕಿಂಗ್ ದಂಡ 65 ಡಾಲರ್. ಕೊನೆಗೆ ಬ್ರೆಡ್ಡು ಸಿಕ್ಕಿದ್ದು ಆರ್ಚರ್ ಅವೆನ್ಯೂದ ರೇಸಿನ್ ಬೇಕರಿಯಲ್ಲಿ.

ನಿಶ್ಚಿತಾರ್ಥಕ್ಕೆ ಶಾಕೋಟಿಸ್ ಬೇರೆ ಕಡೆ ಹೇಳಿ ಮಾಡಿಸಿದೆ. ತಿರುಗೋ ಸಲಾಕೆ ಮೇಲೆ ಮೊಟ್ಟೆ ಹಿಟ್ಟು ಸುರಿದು ಸುರಿದು ಮಾಡೋ ಕೇಕು, ಮೈತುಂಬ ಮುಳ್ಳು ಎದ್ದ ಮರದ ಹಾಗಿರುತ್ತೆ. 90 ಡಾಲರ್, ಅರ್ಧ ಮುಂಗಡ. ಕಾರಿನ ಡಿಕ್ಕಿಯಲ್ಲಿಟ್ಟೆ, ರಸ್ತೆಯ ಒಂದೇ ಗುಂಡಿಗೆ 14 ಮುಳ್ಳು ಮುರಿದವು. ಅಂಗಡಿಯವನು ಪೆಟ್ಟಿಗೆ ಒಳಗೆ ಒಂದು ಕಾಗದ ಕೂಡ ತುರುಕಿರಲಿಲ್ಲ. ಕೇಳಿದ್ರೆ ತಪ್ಪು ನಿಮ್ಮದು ಅಂದ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಬ್ರಿಜ್‌ಪೋರ್ಟ್‌ನಿಂದ: ಒಂದು ಬೀದಿ ನೋಡಿ ಊರೇ ಮುಳುಗಿತು ಅನ್ಬೇಡಿ ಸರ್. ಅಟ್ಲಾಂಟಿಕ್ ದಾಟಿ ಕೌನಾಸ್ ತಲುಪಬೇಕು ಅಂತ 1933ರಲ್ಲಿ ಹಾರಿ, ದಾರಿಯಲ್ಲೇ ಬಿದ್ದ ಲಿಥುವಾನಿಕಾ ವಿಮಾನದ ಹೆಸರು ನಮ್ಮ ಪಕ್ಕದ ರಸ್ತೆಗೆ ಇನ್ನೂ ಇದೆ. ಆ ಪೈಲಟ್‌ಗಳ ಸ್ಮಾರಕ ಇರೋದು ನೀವು ಹೋಗ್ಬೇಡಿ ಅಂದ ಮಾರ್ಕೆಟ್ ಪಾರ್ಕ್‌ನಲ್ಲೇ. ಬೀಗರನ್ನ ಅಲ್ಲಿಗೆ ಕರ್ಕೊಂಡು ಹೋಗಿ, ಅವರ ಕಣ್ಣು ತುಂಬದಿದ್ರೆ ಕೇಳಿ.

ನನಗೆ ಹೊಟ್ಟೆ ಉರಿಯೋದು ಹಾಲ್‌ಸ್ಟೆಡ್ ರಸ್ತೆಯ ಹೆಲ್ದಿ ಫುಡ್ ಹೋಟೆಲ್‌ಗೆ. 1938ರಿಂದ ನಡೆಸಿ 2009ರಲ್ಲಿ ಮುಚ್ಚಿದ್ರು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಅಲ್ಲಿನ ಬ್ಲೀನೈ ದೋಸೆಯೇ ತಾಯಿ ಕೈ ತಿಂಡಿ. ಇರೋ ತನಕ ಯಾರೂ ಹೋಗಲ್ಲ, ಮುಚ್ಚಿದ ಮೇಲೆ ಎಲ್ಲಿದೆ ಅಂತ ಹುಡುಕ್ತಾರೆ.

ಡೇರಿಯನ್‌ನಿಂದ: ಹೋಗೋಕೆ ಅವರು ಅಲ್ಲಿದ್ರೆ ತಾನೇ? ಜನವೇ ಲೆಮಾಂಟ್ ಉಪನಗರದ ಕಡೆ ಬಂದಾಗಿದೆ. ದಂಡ ಕಟ್ಟಿದವನು ನಾನು.

ಅರೋರಾದಿಂದ: ನಿಮ್ಮಿಬ್ಬರ ಜಗಳದಲ್ಲಿ ಮಾಂಸದ ವಿಷಯ ಯಾರೂ ಹೇಳ್ಲಿಲ್ಲ. ಕುಗೆಲಿಸ್ ಅಂದ್ರೆ ಆಲೂಗಡ್ಡೆ ತುರಿದು ಬೇಯಿಸಿದ್ದು ಅಂತ ನಮ್ಮ ಭಾವನವರು ಭರವಸೆ ಕೊಟ್ರು. ಎರಡನೇ ತುಂಡಲ್ಲಿ ನನ್ನ ಬಾಯಿಗೆ ಬೇಕನ್, ಅಂದ್ರೆ ಹಂದಿಮಾಂಸ ಸಿಕ್ತು. ಐವತ್ತೆರಡು ವರ್ಷ ಮುಟ್ಟದ ವಸ್ತು! ಎದ್ದು ಹೋದೆ, ಬೀಗತಿ ಬೇಜಾರು ಮಾಡ್ಕೊಂಡ್ರು, ಆರು ತಿಂಗಳು ಮಾತಿಲ್ಲ. ಭಾವ ಇವತ್ತಿನವರೆಗೂ ಕ್ಷಮೆ ಕೇಳಿಲ್ಲ.

ಈಗ ನಾನೇ ಮುಂಚೆ ಫೋನ್ ಮಾಡಿ ಕೇಳ್ತೀನಿ. ಸೆಪೆಲಿನೈ, ಅಂದ್ರೆ ಹೂರಣ ತುಂಬಿ ನೀರಲ್ಲಿ ಬೇಯಿಸೋ ಆಲೂಗಡ್ಡೆ ಕಡುಬು, ವಾರ್ಷ್ಕೆ ಅನ್ನೋ ಪನೀರ್ ಥರದ ಹೂರಣದಲ್ಲೂ ಸಿಗುತ್ತೆ, ಆದ್ರೆ ಮೇಲೆ ಬೇಕನ್ ಒಗ್ಗರಣೆ ಸುರಿದಿರ್ತಾರೆ. ಬೇಡ ಅಂತ ಬಾಯ್ಬಿಟ್ಟು ಹೇಳ್ಬೇಕು. ಗ್ರ್ಯಾಂಡ್ ಡ್ಯೂಕ್ಸ್ ಹೋಟೆಲ್‌ನಲ್ಲೂ ಹೀಗೇ ಕೇಳಿ ತರಿಸ್ಕೊಳ್ಳಿ.

ಲೆಮಾಂಟ್‌ನಿಂದ: ಹೋಟೆಲ್ ಯಾಕ್ರೀ, ಮನೇಲೇ ಮಾಡಿ. ಮೊದಲನೇ ಸಲ ನನ್ನ ಸೆಪೆಲಿನೈ ಕುದಿಯೋ ನೀರಲ್ಲಿ ಕರಗಿ ಗಂಜಿ ಆಯ್ತು, ಹತ್ತು ಪೌಂಡ್ ಆಲೂಗಡ್ಡೆ ಚರಂಡಿ ಪಾಲು. ತುರಿಮಣೆಯಲ್ಲಿ ಮೂರು ಬೆರಳು ಕುಯ್ದಿತ್ತು. ಹಸಿ ತುರಿನ ಬಟ್ಟೇಲಿ ಒಣಗೋ ಹಾಗೆ ಹಿಂಡಿ, ಹಿಂಡಿದ ನೀರಿನ ತಳದಲ್ಲಿ ಕೂತ ಬಿಳಿ ಪಿಷ್ಟನ ವಾಪಸ್ ಕಲಸ್ಬೇಕು. ಇದನ್ನ ನನಗೆ ಹೇಳ್ಕೊಟ್ಟಿದ್ದು 127ನೇ ಬೀದಿಯ ಲಿಥುವೇನಿಯನ್ ವರ್ಲ್ಡ್ ಸೆಂಟರ್‌ನಲ್ಲಿ ಸಿಕ್ಕಿದ ಒಬ್ಬ ಅಜ್ಜಿ. ನಮ್ಮ ರಾಮ ದೇವಸ್ಥಾನ ಇರೋ ಊರಲ್ಲೇ ಇದೆ ಅದು. ಇಪ್ಪತ್ತು ವರ್ಷ ದೇವಸ್ಥಾನಕ್ಕೆ ಬಂದು ಹೋಗೋರು ಒಂದು ಸಲಾನೂ ಆ ಸೆಂಟರ್ ಒಳಗೆ ಹೋಗಿಲ್ಲ.

ಬೇಸಿಗೆ ಆದ್ರೆ ಶಾಲ್ಟಿಬಾರ್ಷ್ಚೈ ಅನ್ನೋ ಮಜ್ಜಿಗೆಯ ತಣ್ಣನೆ ಸೂಪ್ ಮಾಡಿ. ಬೀಟ್ರೂಟು, ಸೌತೆಕಾಯಿ, ಸಬ್ಬಸಿಗೆ ಸೊಪ್ಪು, ಮೇಲೆ ಬೇಯಿಸಿದ ಮೊಟ್ಟೆ, ಪಕ್ಕದಲ್ಲಿ ಬಿಸಿ ಆಲೂಗಡ್ಡೆ. ನಮ್ಮ ಮೊಸರುಬಜ್ಜಿನೇ.

ಬ್ರಿಜ್‌ಪೋರ್ಟ್‌ನಿಂದ: ಮೊಸರುಬಜ್ಜಿ ಅಲ್ಲ. ಅದಕ್ಕೆ ಕೆಫೀರ್ ಅನ್ನೋ ಹುದುಗಿಸಿದ ಹಾಲು ಬೇಕು, ಒಗ್ಗರಣೆ ಇಲ್ಲ. ಎಲ್ಲವನ್ನೂ ನಮ್ಮದೇ ಅನ್ನೋ ಚಾಳಿ ಬಿಡಿ.

ಅರೋರಾದಿಂದ: ಕುಡಿಯೋ ಹಾಗಿದ್ರೆ ತಂಬುಳಿ ಅನ್ನಿ. ಬಜ್ಜಿ ಗಟ್ಟಿ ಇರುತ್ತೆ.

ಲೆಮಾಂಟ್‌ನಿಂದ: ಮನೆ ಮಜ್ಜಿಗೇಲಿ ಮಾಡಿದ್ದನ್ನ ನನ್ನ ಬೀಗತಿ ಎರಡು ಬಟ್ಟಲು ಕುಡಿದು ಮೂರನೇದು ಕೇಳಿದ್ರು. ಹೆಪ್ಪು ಕೂಡ ಇಸ್ಕೊಂಡು ಹೋದ್ರು. ಕೆಫೀರ್ ವಿಷಯ ಅವರ ಹತ್ರ ಹೇಳಿ.