ಆ್ಯಪ್ ಬಾಡಿಗೆ + ಪಾರ್ಸೆಲ್‌ಗೆ ಸಿಎನ್‌ಜಿ ಸೆಡಾನ್: ಟೂರ್ ಎಸ್, ಔರಾ, ಟಿಗೋರ್?

ಹೆಬ್ಬಾಳ_ಕ್ಯಾಬ್:
ಬೆಂಗಳೂರಲ್ಲಿ ಹಗಲು ಆ್ಯಪ್ ಬಾಡಿಗೆ, ಸಂಜೆ ಮೇಲೆ ಪಾರ್ಸೆಲ್. ಮ್ಯಾನುಯಲ್ ಗೇರ್, ಕಂಪನಿ ಫಿಟ್ಟೆಡ್ ಸಿಎನ್‌ಜಿ ಬೇಕು. ಬಜೆಟ್ ಆರು ಲಕ್ಷ, ಸೆಕೆಂಡ್ ಹ್ಯಾಂಡ್ ಆದ್ರೂ ಸರಿ. ವೈಟ್ ಬೋರ್ಡ್ (ಖಾಸಗಿ ನೋಂದಣಿ) ಡಿಸೈರ್ ಒಂದು ಕಮ್ಮಿಗೆ ಸಿಗ್ತಿದೆ, ಹಾಗೇ ಓಡಿಸಬಹುದಾ?

ಗೇರ್_ಗುರು:
ಮೈಲೇಜ್ ಆಮೇಲೆ, ಮೊದಲು ಡಿಕ್ಕಿ ನೋಡಿ. ಟೂರ್ ಎಸ್ (ಡಿಸೈರ್‌ನ ಟ್ಯಾಕ್ಸಿ ಮಾಡೆಲ್) ಸಿಎನ್‌ಜಿಯಲ್ಲಿ 55 ಲೀಟರ್‌ನ ಒಂದೇ ಗ್ಯಾಸ್ ಸಿಲಿಂಡರ್ ಡಿಕ್ಕಿಯನ್ನು ನುಂಗುತ್ತೆ. ಏರ್‌ಪೋರ್ಟ್ ಬಾಡಿಗೆಯಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಬಂದ್ರೆ ಒಂದು ಮುಂದಿನ ಸೀಟಿಗೆ. ಪಾರ್ಸೆಲ್‌ಗೂ ಇದೇ ಗೋಳು. 2023ರ ನಂತರದ ಟಿಗೋರ್ ಸಿಎನ್‌ಜಿಯಲ್ಲಿ 35 ಲೀಟರ್‌ನ ಎರಡು ಸಿಲಿಂಡರ್ ಡಿಕ್ಕಿ ನೆಲದ ಕೆಳಗಿವೆ, ಮೇಲೆ ಜಾಗ ಉಳಿಯುತ್ತೆ. ಸ್ಟೆಪ್ನಿ ಮಾತ್ರ ಗಾಡಿ ಅಡಿಗೆ ಹೋಗಿದೆ, ಮಳೆಯಲ್ಲಿ ಪಂಕ್ಚರ್ ಆದ್ರೆ ಕೆಸರಲ್ಲಿ ಕೂತು ಬಿಚ್ಚಬೇಕು. ಟಿಗೋರ್‌ನ ಮೂರು ಸಿಲಿಂಡರ್ ಎಂಜಿನ್ ಗಾಡಿ ನಿಂತಲ್ಲಿ ಸ್ವಲ್ಪ ನಡುಗುತ್ತೆ.

ಬಾಡಿಗೆಯೇ ಹೆಚ್ಚು ಅಂದ್ರೆ ಟೂರ್ ಎಸ್. ಬಿಡಿಭಾಗ ಯಾವ ಹಳ್ಳಿ ಗ್ಯಾರೇಜಲ್ಲೂ ಸಿಗುತ್ತೆ, 165/80 ಆರ್14 ಟೈರೂ ಅಗ್ಗ. ಆದ್ರೆ 2023ರ ಮುಂಚಿನ ಟೂರ್ ಎಸ್ ಹಳೇ ಬಾಡಿ, ಪೆಟ್ರೋಲ್ ಮಾಡೆಲಲ್ಲೇ ಡಿಕ್ಕಿ 316 ಲೀಟರ್, 2023ರಲ್ಲಿ ಬಂದ ಮಾಡೆಲ್‌ದು 378. ಮಾರುವವರು ಎರಡಕ್ಕೂ ಒಂದೇ ಹೆಸರು ಹೇಳ್ತಾರೆ, ಆರ್‌ಸಿ ನೋಡಿ.

ಕ್ಲಚ್_ಪ್ಲೇಟ್:
ಟೆಸ್ಟ್ ಡ್ರೈವಲ್ಲಿ ನಾಲ್ಕನೇ ಗೇರಲ್ಲಿ ನಿಧಾನಕ್ಕೆ ಹೋಗ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ರೆ ಕ್ಲಚ್ ಹೋಗಿದೆ. ಸಿಲ್ಕ್ ಬೋರ್ಡ್ ಜಾಮಲ್ಲಿ ಹಾಫ್ ಕ್ಲಚ್ ಹಿಡಿದ ಗಾಡಿಗಳೇ ಹೆಚ್ಚು. ಬದಲಿಸೋದಾದ್ರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ. ಒಂದು ಉಳಿಸಿದ್ರೆ ಮತ್ತೆ ಗೇರ್‌ಬಾಕ್ಸ್ ಇಳಿಸೋ ಲೇಬರ್ ಚಾರ್ಜ್ ಬೀಳುತ್ತೆ. ಕಿ.ಮೀ. ಮೀಟರ್ ನಂಬಬೇಡಿ, ಪೆಡಲ್ ರಬ್ಬರ್ ಸವೆತ ನಂಬಿ.

ಸಿಲಿಂಡರ್ ಮೇಲಿನ ಪ್ಲೇಟಲ್ಲಿ ಹೈಡ್ರೋ ಟೆಸ್ಟ್ (ಸಿಲಿಂಡರ್ ಒತ್ತಡ ತಡೆಯುತ್ತಾ ಅನ್ನೋ ಪರೀಕ್ಷೆ) ದಿನಾಂಕ ಇರುತ್ತೆ. ಮೂರು ವರ್ಷ ದಾಟಿದ್ರೆ ಟೆಸ್ಟ್ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಪೆಟ್ರೋಲ್ ಟ್ಯಾಂಕ್ ಖಾಲಿ ಬಿಟ್ಟು ಬರೀ ಗ್ಯಾಸಲ್ಲಿ ಓಡಿಸಿದ ಗಾಡಿಯಾದ್ರೆ ಫ್ಯೂಯಲ್ ಪಂಪ್ ಸುಟ್ಟಿರಬಹುದು. ಪೆಟ್ರೋಲಲ್ಲೂ ಓಡಿಸಿ ನೋಡಿ.

ಹಳದಿ_ಬೋರ್ಡ್:
ವೈಟ್ ಬೋರ್ಡ್ ಆಸೆ ಬಿಡಿ. ಪರ್ಮಿಟ್ ಇಲ್ಲದೆ ಬಾಡಿಗೆ ಹೊಡೆದ್ರೆ 10,000 ರೂಪಾಯಿ ದಂಡ, ಜೈಲೂ ಆಗಬಹುದು. ಅದಕ್ಕಿಂತ ದೊಡ್ಡದು ವಿಮೆ: ಖಾಸಗಿ ಪಾಲಿಸಿಯಲ್ಲಿ ಬಾಡಿಗೆ ಓಡಿಸುವಾಗ ಆದ ಅಪಘಾತಕ್ಕೆ ಕ್ಲೇಮ್ ತಿರಸ್ಕರಿಸಬಹುದು. ಹಳದಿ ಬೋರ್ಡಿಗೆ (ಟ್ಯಾಕ್ಸಿ ನೋಂದಣಿ) ಬದಲಿಸೋದಾದ್ರೆ ಗಂಟೆಗೆ 80 ಕಿ.ಮೀ. ದಾಟದಂತೆ ತಡೆಯೋ ಸ್ಪೀಡ್ ಗವರ್ನರ್, ಪ್ಯಾನಿಕ್ ಬಟನ್ ಸಹಿತ ಜಿಪಿಎಸ್, ತೆರಿಗೆ ವ್ಯತ್ಯಾಸ, ಸಾಲ ಇದ್ರೆ ಬ್ಯಾಂಕಿನ ಎನ್‌ಒಸಿ (ಒಪ್ಪಿಗೆ ಪತ್ರ), ಇಷ್ಟೂ ಲೆಕ್ಕ ಹಾಕಿ. ‘ಕಮ್ಮಿ ಬೆಲೆ’ ಅಲ್ಲೇ ಕರಗುತ್ತೆ. ಲೈಸೆನ್ಸ್ ಚಿಂತೆ ಬೇಡ, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕು ಅಂದಿದೆ.

ಪಾರ್ಸೆಲ್ ವಿಷಯ ಬೇರೆ. ಟ್ಯಾಕ್ಸಿ ಪರ್ಮಿಟ್ ಪ್ರಯಾಣಿಕರಿಗೆ, ಸರಕಿಗಲ್ಲ. ಆ ಕೆಲಸ ಹಿಡಿಯೋ ಮುಂಚೆ ವಿಮಾ ಕಂಪನಿಯಿಂದ ಬರವಣಿಗೆಯಲ್ಲಿ ಉತ್ತರ ತಗೊಳ್ಳಿ.

ಹೆಬ್ಬಾಳ_ಕ್ಯಾಬ್:
ಔರಾ ಬಗ್ಗೆ ಯಾರೂ ಹೇಳಲಿಲ್ಲ?

ಗೇರ್_ಗುರು:
ಔರಾದ್ದು ನಾಲ್ಕು ಸಿಲಿಂಡರ್ ಎಂಜಿನ್, ನುಣುಪು. ಆದ್ರೆ ಸಿಎನ್‌ಜಿಯಲ್ಲಿ ಎಂಜಿನ್ ಶಕ್ತಿ 69 ಪಿಎಸ್, 2023ರಲ್ಲಿ ಬಂದ ಟೂರ್ ಎಸ್‌ಗೆ 77. ನಾಲ್ಕು ಜನ, ಎಸಿ, ನಂದಿ ಬೆಟ್ಟ ಅಂದ್ರೆ ಎರಡನೇ ಗೇರ್ ಗತಿ.