ಟೇಪ್ ಸಂಗೀತದ ಮರುಮುದ್ರಣ: ಸದ್ದು ಕೃತಿಯದೋ, ಬೂಷ್ಟಿನದೋ?

ಪ್ರಶ್ನೆ (ತೀರ್ಥಹಳ್ಳಿ)
ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಿಂದ 1972ರವರೆಗೆ ಮೋಗ್ ಸಿಂಥಸೈಸರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಹಾಗೂ ಟೇಪ್ ಯಂತ್ರಗಳಿಂದ ನಡೆದ ಪ್ರಯೋಗಗಳು 2023ರಲ್ಲಿ ಎಲ್‌ಪಿ ತಟ್ಟೆಯಾಗಿ ಬಂದವಲ್ಲ, ಅದರ ಒಂದು ಪ್ರತಿ ನನ್ನಲ್ಲಿದೆ. ಮಳೆ ಹಿಡಿದ ಮೇಲೆ ಅದನ್ನು ಕಪಾಟಿನಿಂದ ತೆಗೆದಿರಲಿಲ್ಲ. ಮೊನ್ನೆ ತೆಗೆದರೆ ಕವರಿನ ಅಂಚಿಗೆ ಬಿಳಿ ಬೂಷ್ಟು ಹತ್ತಿದೆ, ಹಾಕಿ ಕೇಳಿದರೆ ಹಿನ್ನೆಲೆಯಲ್ಲಿ ಸುಯ್ಯೆನ್ನುವ ಸದ್ದು, ನಡುನಡುವೆ ಟಿಕ್ ಟಿಕ್. ಇಂಥ ಸಂಗೀತದಲ್ಲಿ ಯಾವುದು ಕೃತಿ, ಯಾವುದು ಕೊಳೆ ಎಂದು ತಿಳಿಯುವುದು ಹೇಗೆ?

ಉತ್ತರ (ಶಿವಮೊಗ್ಗ)
ಗಡಿಯಾರ ಹಿಡಿದು ಕೇಳಿ. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 1.8 ಸೆಕೆಂಡು ಬೇಕು. ಟಿಕ್ ಅಷ್ಟೇ ಅಂತರದಲ್ಲಿ ಮರಳಿ ಬರುತ್ತಿದ್ದರೆ ಅದು ತಟ್ಟೆಯ ಮೇಲಿನ ಗೀರು ಅಥವಾ ಗಟ್ಟಿಯಾದ ಕೊಳೆ. ಲೆಕ್ಕವಿಲ್ಲದೆ ಚಟಪಟ ಸಿಡಿದರೆ ಧೂಳು, ಬೂಷ್ಟು. ಸುಯ್ಯೆನ್ನುವುದು ಹೆಚ್ಚಾಗಿ ಮೂಲ ಟೇಪಿನದೇ, ಅದನ್ನು ತೊಳೆದು ತೆಗೆಯಲಾಗದು. ತಟ್ಟೆಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ, ಲೇಬಲ್ ನೆನೆಯದಂತೆ ತೊಳೆಯಿರಿ. ಒಳಗಿನ ಕಾಗದದ ಚೀಲವನ್ನು ಮಾತ್ರ ಬಿಸಾಡಿ, ಬೂಷ್ಟು ಉಳಿಯುವುದು ಅಲ್ಲಿಯೇ.

ಉತ್ತರ (ಸಾಗರ)
ಮೇಲಿನ ಲೆಕ್ಕ ಸರಿ, ಆದರೆ ಈ ಸಂಗೀತದ ಮಟ್ಟಿಗೆ ಅದನ್ನೇ ನಂಬಿ ಕೂರಬಾರದು. 1948ರಲ್ಲಿ ಪ್ಯಾರಿಸ್‌ನಲ್ಲಿ ರೇಡಿಯೊ ಎಂಜಿನಿಯರ್, ಸಂಯೋಜಕ ಪಿಯರ್ ಶೆಫರ್ ರೈಲಿನ ಸದ್ದುಗಳನ್ನು ಜೋಡಿಸಿದಾಗ ಅವರ ಕೈಯಲ್ಲಿದ್ದದ್ದು ಟೇಪ್ ಅಲ್ಲ, ತಟ್ಟೆ. ಸೂಜಿ ಓಡುವ ಗೆರೆಯನ್ನು ಅದರ ಮೇಲೇ ಸುತ್ತುವಂತೆ ಮುಚ್ಚಿ, ಒಂದೇ ತುಣುಕು ಮತ್ತೆ ಮತ್ತೆ ಕೇಳುವಂತೆ ಮಾಡುತ್ತಿದ್ದರು. ಅಲ್ಲಿ ಮರುಕಳಿಸುವುದೇ ಕೃತಿ. ಟೇಪ್ ಕೊಲಾಜ್‌ನಲ್ಲಾದರೆ ಸುಯ್ಯೆನ್ನುವುದನ್ನೂ ಕಿವಿಗೊಟ್ಟು ಕೇಳಬೇಕು. ಬೇರೆ ಬೇರೆ ಹೊತ್ತಿನಲ್ಲಿ ಮುದ್ರಿಸಿದ ತುಂಡುಗಳನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿರುವುದರಿಂದ ಬೆಸುಗೆಯ ಕಡೆ ಆ ಸುಯ್ ಸದ್ದಿನ ದಪ್ಪ ಒಮ್ಮೆಲೇ ಬದಲಾಗುತ್ತದೆ, ಕತ್ತರಿ ಎಲ್ಲಿ ಬಿತ್ತೆಂದು ಅದೇ ಹೇಳುತ್ತದೆ. ಕಂಪ್ಯೂಟರಿನಲ್ಲಿ ಇದನ್ನೆಲ್ಲ ಒರೆಸಿ ನುಣುಪಾಗಿಸುವ ಮರುಮುದ್ರಣಗಳನ್ನು ನಾನಂತೂ ಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರು
ತೊಳೆದೆ. ಚಟಪಟ ಹೋಯಿತು, ಸುಯ್ ಉಳಿಯಿತು. ಟಿಕ್ ಮಾತ್ರ ಸರಿಯಾಗಿ 1.8 ಸೆಕೆಂಡಿಗೊಮ್ಮೆ ಬರುತ್ತಲೇ ಇತ್ತು. ದೀಪದಡಿ ಓರೆಯಾಗಿ ಹಿಡಿದು ನೋಡಿದಾಗ ಕೂದಲೆಳೆಯಂಥ ಗೀರು ಕಂಡಿತು. ಅದು ನನ್ನ ಕೈತಪ್ಪೇ.